ಯುಗಾದಿಗೆ ಮುಗಿಯದ ಸಜಾ

ಹೋದ ಜನವರಿಯಲ್ಲಿ ನೆಂಟರ ಮನೆಯ ಬಸುರಿಯ ಕುಬಸದ ಕಾರ್ಯಕ್ಕೆಂದು ಜೇವರ್ಗಿಯಿಂದ ಅಫಜಲಪುರದ ಕಡೆ ಹೊರಟಿದ್ದೆ. ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ನಮ್ಮ ಕಡೆಯ ಬಸ್ಸುಗಳಲ್ಲಿ ಒಂದು ಒಳ್ಳೆಯ ಗುಣವಿದೆ, ಕೆಟ್ಟರೂ ಹೊಲದ ಪಕ್ಕದಲ್ಲೇ ಕೆಡುತ್ತವೆ. ಇಳಿದು ನಿಂತರೆ ಗಾಳಿಯಲ್ಲಿ ಸೀತನಿಯ ವಾಸನೆ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಬಡಿದು ಕಾಳು ಉದುರಿಸುವಾಗ ಏಳುವ ವಾಸನೆ ಅದು. ಹೊಲದಲ್ಲಿದ್ದವರು ಪರಿಚಯವಿಲ್ಲದಿದ್ದರೂ ಕರೆದರು, "ಬರ್ರಿ ಅಮ್ಮಾರ, ಎರಡ ಹಿಡಿ ತಿಂದು ಹೋಗ್ರಿ." ಹೋದೆ. ಕಾಳು ಸಿಹಿಯಾಗಿತ್ತು. ಆದರೆ ಬಾಯಿಗೆ ಹಾಕಿಕೊಂಡ ಕೂಡಲೇ ಕಾಶೀಬಾಯಿ ನೆನಪಾದಳು, ಎರಡನೆಯ ಹಿಡಿ ಕೈಯಲ್ಲೇ ಉಳಿಯಿತು.

ಅದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನರ್ಸ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನು ಅತನೂರಿನ ಆಚೆಗಿನ ಒಂದು ಸಣ್ಣ ಊರಿಗೆ ಹಾಕಿದ್ದರು. ಊರ ಹೆಸರು ಹೇಳುವುದಿಲ್ಲ, ಆ ಮನೆಯ ಮಕ್ಕಳು ಮೊಮ್ಮಕ್ಕಳು ಇನ್ನೂ ಅಲ್ಲಿ ತಲೆ ಎತ್ತಿ ಓಡಾಡಬೇಕಲ್ಲ. ನಮ್ಮ ಉಪಕೇಂದ್ರವೆಂದರೆ ಒಂದು ಕೋಣೆ, ಒಂದು ಮಂಚ, ಬಾಗಿಲಿಲ್ಲದ ಒಂದು ಕಪಾಟು. ಉಳಿಯಲು ಸಿಕ್ಕಿದ್ದು ಕಾಶೀಬಾಯಿಯ ಮನೆಯ ಹೊರಕೋಣೆ. "ಗಂಡಸರಿಲ್ಲದ ಮನಿ, ನಿಮಗ ಆರಾಮ ಆಗ್ತದ" ಎಂದು ಊರ ಗೌಡರು ಹೇಳಿದಾಗ ಆಕೆ ವಿಧವೆ ಇರಬೇಕು ಎಂದುಕೊಂಡಿದ್ದೆ. ಹೋಗಿ ನೋಡಿದರೆ ಬಾಗಿಲಲ್ಲಿ ನಿಂತಾಕೆಯ ಹಣೆಯಲ್ಲಿ ವಿಭೂತಿಯ ಕೆಳಗೆ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ. ಗಂಡ ಎಲ್ಲಿ ಎಂದು ಕೇಳಿದ್ದಕ್ಕೆ, ಪರ ಊರಿಗೆ ದುಡಿಯಲು ಹೋದವನ ಸುದ್ದಿ ಹೇಳುವ ಹಾಗೆ, "ಜೇಲಿನಾಗ ಅದಾರ್ರಿ. ಇನ್ನೇನು ಬರೂ ಹೊತ್ತಾತು" ಎಂದಳು.

ಮನೆ ದೊಡ್ಡದು. ಆದರೆ ಅಂಗಳದ ನಡುವೆ ಒಂದು ಮಣ್ಣಿನ ಗೋಡೆ ಎದ್ದಿತ್ತು. ಆಳೆತ್ತರದ ಗೋಡೆ, ಆಚೆಯವರು ಕಾಣುವುದಿಲ್ಲ, ಅವರು ಕೆಮ್ಮಿದರೆ ಈಚೆ ಕೇಳುತ್ತದೆ. ಗೋಡೆಯ ಆಚೆ ಇದ್ದವಳು ಮಹಾದೇವಿ. ಆಕೆ ಕಾಶೀಬಾಯಿಯ ಒಡಹುಟ್ಟಿದ ತಂಗಿ, ನೆಗೆಣ್ಣಿಯೂ ಹೌದು. ಆಳಂದ ತಾಲೂಕಿನ ಹಿರೋಳ್ಳಿಯಿಂದ ಅಕ್ಕತಂಗಿ ಇಬ್ಬರನ್ನೂ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಒಂದೇ ಹಂದರದಲ್ಲಿ ಕೊಟ್ಟಿದ್ದರು. ಅಣ್ಣ ಶರಣಪ್ಪ, ತಮ್ಮ ಬಸಲಿಂಗಪ್ಪ. ಹೊಲ ಪಾಲಾದ ಮೇಲೆ ಒಂದು ದಿನ ತಮ್ಮನ ನೇಗಿಲು ಬದುವನ್ನು ಸ್ವಲ್ಪ ಕೆರೆಯಿತು. ಒಂದು ಸಾಲು ನೆಲ, ಅಷ್ಟೇ. ಮಾತಿಗೆ ಮಾತು ಬೆಳೆಯಿತು. ಜಾಲಿ ಕಡಿಯಲು ಹೋಗಿದ್ದ ಶರಣಪ್ಪನ ಕೈಯಲ್ಲಿ ಕೊಡಲಿ ಇತ್ತು. ತಮ್ಮ ಬಿದ್ದ ಮೇಲೆ ಅವನು ಓಡಲಿಲ್ಲ. ಅದೇ ಬದುವಿನ ಮೇಲೆ ಕುಳಿತಿದ್ದನಂತೆ, ಪೊಲೀಸರು ಬರುವ ತನಕ.

ಅಂದಿನಿಂದ ಅಕ್ಕತಂಗಿ ಮಾತಾಡಿಲ್ಲ. ಮಾತಾಡಿಲ್ಲ ಎಂದರೆ ನೇರವಾಗಿ ಆಡಿಲ್ಲ. ಕಾಶೀಬಾಯಿಗೆ ಒಂದು ಎಮ್ಮೆ ಇತ್ತು. ತಂಗಿಗೆ ಮುಟ್ಟಬೇಕಾದ ಸುದ್ದಿಯನ್ನೆಲ್ಲ ಆಕೆ ಎಮ್ಮೆಯ ಮುಂದೆ ಗಟ್ಟಿಯಾಗಿ ಹೇಳುತ್ತಿದ್ದಳು. "ಕೇಳಿದೇನಬೇ ಎಮ್ಮೀ, ನಾಳೆ ಹಿರೋಳ್ಳಿ ಅಣ್ಣ ಬರ್ತಾನಂತ. ಯಾರರ ಮನಿಯಾಗ ಬೆಲ್ಲ ಇರ್ಲಿಕ್ಕಿಲ್ಲ, ಜಲ್ದಿ ತಂದಿಟ್ಕೋರಿ." ಆಚೆಯಿಂದ ಮಹಾದೇವಿ ತನ್ನ ಕೋಳಿಗೆ ಉತ್ತರ ಕೊಡುತ್ತಿದ್ದಳು, "ಬೆಲ್ಲ ಐತಿ ಅಂತ ಹೇಳ ಅವ್ವಾ ಕೋಳಿ, ಎಣ್ಣಿ ತೀರೈತಿ." ಸಂಜೆಯ ಹೊತ್ತಿಗೆ ಎಣ್ಣೆಯ ಗಿಂಡಿ ಗೋಡೆಯ ಮೇಲೆ ಬಂದು ಕುಳಿತಿರುತ್ತಿತ್ತು. ಮೊದಮೊದಲು ನನಗೆ ನಗು ಬರುತ್ತಿತ್ತು. ಅವರ ಅಣ್ಣ ಈರಣ್ಣನ ಪಾಡು ಇನ್ನೂ ಮಜವಾಗಿತ್ತು. ಪಂಚಮಿಗೆ ತವರಿಗೆ ಕರೆಯಲು ಬಂದರೆ ಇಬ್ಬರೂ ಒಂದೇ ಗಾಡಿ ಹತ್ತುವುದಿಲ್ಲ. ಅದಕ್ಕೆ ಒಂದು ವರ್ಷ ಅಕ್ಕ, ಒಂದು ವರ್ಷ ತಂಗಿ ಎಂದು ಪಾಳಿ ಮಾಡಿಕೊಂಡಿದ್ದ. ಮಹಾದೇವಿಯ ಒಬ್ಬನೇ ಮಗನನ್ನೂ ಅವನೇ ಹಿರೋಳ್ಳಿಯಲ್ಲಿಟ್ಟುಕೊಂಡು ಓದಿಸುತ್ತಿದ್ದ, ದಿನಾ ಆ ಗೋಡೆ ನೋಡುತ್ತ ಬೆಳೆಯುವುದು ಬೇಡ ಎಂದು. ಕಾಶೀಬಾಯಿಯ ಮಗಳನ್ನು ಜಿಡಗಾಕ್ಕೆ ಕೊಟ್ಟು ಮದುವೆ ಮಾಡಿದವನೂ ಅವನೇ.

ಶರಣಪ್ಪನಿಗೆ ಆದದ್ದು ಜೀವಾವಧಿ. ನಮ್ಮ ಕಡೆ ಮರಾಠಿ ಗಾಳಿ ಹೆಚ್ಚು, ಅದನ್ನು ಜನ್ಮಠೇಪ ಎನ್ನುತ್ತಾರೆ. ಜನ್ಮಠೇಪ ಎಂದರೆ ಹದಿನಾಲ್ಕು ವರ್ಷ ಎಂಬುದು ಆ ಊರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿತ್ತು. ನನಗೂ ಹಾಗೇ ಗೊತ್ತಿತ್ತು. ಯಾರೂ ಯಾರನ್ನೂ ಕೇಳಿರಲಿಲ್ಲ, ಎಲ್ಲರೂ ಎಲ್ಲರಿಗೂ ಹೇಳಿದ್ದರು. ಇನ್ನೊಂದು ಮಾತು. ಆ ಭಾಗದಲ್ಲಿ ಯಾವುದೇ ಮುದ್ದತ್ತು ಮುಗಿಯುವುದು ಯುಗಾದಿಗೆ. ಹೊಲ ಪಾಲಿಗೆ ಕೊಟ್ಟರೆ ಯುಗಾದಿಯಿಂದ ಯುಗಾದಿಗೆ, ಆಳು ಇಟ್ಟುಕೊಂಡರೆ ಯುಗಾದಿಯಿಂದ ಯುಗಾದಿಗೆ. ಅವತ್ತು ಆಳು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟರೆ ಗೌಡನಾದರೂ ತಡೆಯುವಂತಿಲ್ಲ. ಕಾಶೀಬಾಯಿ ಗಂಡನ ಸಜೆಯನ್ನೂ ಇದೇ ಲೆಕ್ಕಕ್ಕೆ ಹಾಕಿದ್ದಳು. ಹದಿನಾಲ್ಕನೆಯ ಯುಗಾದಿಗೆ ಜೇಲಿನ ಬಾಗಿಲು ತಾನಾಗಿ ತೆರೆಯಬೇಕು. ಗೌಡರು ಹೌದೆಂದರು, ಊರ ಅಯ್ಯನವರೂ ಹೌದೆಂದರು.

ಅಷ್ಟು ವರ್ಷ ಅವನು ಒಮ್ಮೆಯೂ ಊರಿಗೆ ಬಂದಿರಲಿಲ್ಲ. ಬೇರೆ ಕೈದಿಗಳಿಗೆ ಬಿತ್ತಿಗೆಗೋ ಮಕ್ಕಳ ಮದುವೆಗೋ ಪೆರೋಲ್ ಎಂಬ ರಜೆ ಸಿಗುತ್ತಿತ್ತು. ಇವನಿಗೆ ಮಾತ್ರ ಪ್ರತಿ ಸಲ ಇಲ್ಲ. ಸತ್ತವನ ಹೆಂಡತಿ ಅದೇ ಮನೆಯಲ್ಲಿದ್ದಾಳೆ, ನಡುವೆ ಇರುವುದು ಒಂದೇ ಗೋಡೆ, ಬಂದರೆ ಏನಾದರೂ ಆದೀತು ಎಂಬುದು ಕಾರಣ. ಹೆತ್ತ ತಾಯಿ ಸತ್ತಾಗಲೂ ಬಿಡಲಿಲ್ಲ. ಇಬ್ಬರು ಗಂಡುಮಕ್ಕಳನ್ನು ಹೆತ್ತ ಮುದುಕಿಗೆ ಹೆಗಲು ಕೊಟ್ಟವರು ಓಣಿಯವರು.

ಆ ವರ್ಷದ ಎಳ್ಳಮಾವಾಸ್ಯೆ ಕಳೆದು ಸೀತನಿಯ ಕಾಲ ಬಂದಾಗ ಕಾಶೀಬಾಯಿಯ ಕಾಲು ನೆಲದ ಮೇಲಿರಲಿಲ್ಲ. ದಿನವೂ ಹೊಲಕ್ಕೆ ನಡೆದು ತೆನೆ ಮುರಿದು ಸುಡುವುದು, ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದು ತಿನ್ನಿಸುವುದು. ನನ್ನ ಮಡಿಲಿಗೂ ಬಿಸಿ ಕಾಳು ಸುರಿದು, ಮೇಲೆ ಶೇಂಗಾದ ಚಟ್ನಿಪುಡಿ ಉದುರಿಸಿ, "ತಿನ್ರಿ ಸಿಸ್ಟರ, ಬರೂ ವರ್ಷ ನಮ್ಮವರs ಸುಟ್ಟು ಕೊಡ್ತಾರ. ಅವರ ಕೈ ಸೀತನಿ ತಿಂದ್ರ ನೀವು ವರ್ಗಾ ಬ್ಯಾಡ ಅಂತೀರಿ" ಎಂದಳು. ಅದೇ ದಿನ ಪಾಲಿಗೆ ಮಾಡುತ್ತಿದ್ದ ರೈತನನ್ನು ಕರೆದು ಯುಗಾದಿಯ ನಂತರ ಹೊಲ ಕೊಡುವುದಿಲ್ಲ ಎಂದು ಹೇಳಿಬಿಟ್ಟಳು. ಅವನು ಹಿಂಜರಿದು, "ಶರಣಪ್ಪನವರು ಬಂದ ಮ್ಯಾಲ ಬಿಡ್ತೇನಿ ಬೇ, ಹೀಂಗ ಮೊದಲs ಬಿಡಿಸಬ್ಯಾಡ" ಎಂದ. ಆಕೆ ಕೇಳಲಿಲ್ಲ. ಬಂದವನು ತನ್ನ ಹೊಲದಲ್ಲಿ ಬೇರೆಯವನ ನೇಗಿಲು ನೋಡಬಾರದು ಎಂಬುದು ಆಕೆಯ ಹಟ.

ಗೋಡೆಯ ಆಚೆ ಸದ್ದಿರಲಿಲ್ಲ. ಕೋಳಿಗೂ ಮಾತು ಕಡಿಮೆಯಾಗಿತ್ತು. ಮಹಾದೇವಿಗೆ ರಕ್ತದ ಒತ್ತಡ ನೋಡಲು ಹೋಗುತ್ತಿದ್ದೆ. ಆಕೆ ಅಕ್ಕನಿಗಿಂತ ಚಿಕ್ಕವಳು, ಆದರೆ ಮುಖ ಬಾಡಿಹೋಗಿತ್ತು. ತೋಳಿಗೆ ಪಟ್ಟಿ ಸುತ್ತುತ್ತಿದ್ದಾಗ ಇದ್ದಕ್ಕಿದ್ದಂತೆ ಕೇಳಿದಳು.

"ಯುಗಾದಿಗೆ ಬರ್ತಾನಂತ ಹೌದೇನ್ರಿ?"

"ಹಾಂಗಂತಾರ."

"ಅಕ್ಕ ಹದಿನಾಲ್ಕು ಅಂತ ಲೆಕ್ಕಾ ಹಾಕ್ಯಾಳ. ಆಕೀದು ಮುಗೀತು. ನಂದು ಎಷ್ಟಕ್ಕ ಮುಗೀತದ್ರಿ ಸಿಸ್ಟರ?"

ನಾನು ಉಪಕರಣದ ಪಾದರಸ ನೋಡುವ ನೆಪದಲ್ಲಿ ತಲೆ ತಗ್ಗಿಸಿದೆ. ಆಕೆಯೇ ಮುಂದುವರಿಸಿದಳು, "ಇದs ಅಂಗಳದಾಗ ಅವ ಕೆಮ್ಮೂದು ಕೇಳ್ಕೋತ ನಾ ರೊಟ್ಟಿ ಬಡೀಬೇಕು. ಅವನ ಕೆಮ್ಮು, ನನ್ನ ಗಂಡನ ಕೆಮ್ಮು ಒಂದs ಥರಾ ಇದ್ದುವ್ರಿ." ಅವತ್ತು ನನಗೆ ಕಾಶೀಬಾಯಿಯ ಸಂಭ್ರಮದ ಮೇಲೆ ಸಿಟ್ಟು ಬಂತು. ಸಂಜೆ ಮನೆಗೆ ಬಂದರೆ ಆಕೆ ಗಂಡನಿಗಾಗಿ ತಂದ ಹೊಸ ಧೋತರವನ್ನು ನನ್ನ ಮುಂದೆ ಬಿಚ್ಚಿ ಅಂಚು ತೋರಿಸಿದಳು, ಸಿಟ್ಟು ಕರಗಿಹೋಯಿತು. ಆ ವರ್ಷವಿಡೀ ನನ್ನ ಸ್ಥಿತಿ ಹೀಗೇ ಇತ್ತು. ಗೋಡೆಯ ಯಾವ ಬದಿಗೆ ಇರುತ್ತಿದ್ದೆನೋ ಆ ಬದಿಯೇ ನ್ಯಾಯ ಎನಿಸುತ್ತಿತ್ತು.

ಯುಗಾದಿಯ ಬೆಳಿಗ್ಗೆ ಬೇವುಬೆಲ್ಲ ತಿಂದು ಒಂದು ಟೆಂಪೊದಲ್ಲಿ ಹೊರಟೆವು. ಗೌಡರು, ಅಯ್ಯನವರು, ಹಿರೋಳ್ಳಿಯ ಈರಣ್ಣ, ಹಲಗಿ ಬಾರಿಸುವ ಇಬ್ಬರು, ಕಾಶೀಬಾಯಿ, ನಾನು. ಸರಕಾರಿ ಮಂದಿಯ ಜತೆ ಮಾತಾಡಲು ಸರಕಾರಿ ಮಂದಿಯೇ ಬೇಕು ಎಂದು ನನ್ನನ್ನು ಹತ್ತಿಸಿದ್ದರು. ಹೊರಡುವಾಗ ನೋಡಿದೆ, ಮಹಾದೇವಿಯ ಬಾಗಿಲಿಗೆ ಕೀಲಿ. ಅವನು ಒಳಗೆ ಬರುವುದನ್ನು ನೋಡಬಾರದೆಂದು ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋಗಿದ್ದಳಂತೆ.

ಜೇಲಿನ ಮುಂದೆ ಇಳಿದವರೇ ಹಲಗಿಯವರು ಶುರು ಹಚ್ಚಿಕೊಂಡರು. ಕಾವಲಿನವನು ಬೆದರಿ ಓಡಿಬಂದ. ಹಬ್ಬದ ಸೂಟಿ, ಅವತ್ತು ಭೇಟಿಯೇ ಇಲ್ಲ. "ಭೇಟಿಗಲ್ಲೋ ತಮ್ಮಾ, ಕರಕೊಂಡು ಹೋಗಾಕ ಬಂದೇವಿ" ಎಂದು ಗೌಡರು ಮೀಸೆಯ ಮೇಲೆ ಕೈಯಾಡಿಸಿದರು. ಕಾಶೀಬಾಯಿ ಧೋತರದ ಗಂಟನ್ನು ಎದೆಗೊತ್ತಿಕೊಂಡು ಆ ದೊಡ್ಡ ಬಾಗಿಲಿನ ಸಣ್ಣ ಕಿಂಡಿಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಬ್ಬ ಅಧಿಕಾರಿ ಹೊರಗೆ ಬಂದರು. ವಯಸ್ಸಾದವರು, ಒರಟರಲ್ಲ. ಎಲ್ಲ ಕೇಳಿಕೊಂಡು ಹಲಗಿಯವರಿಗೆ ಕೈಸನ್ನೆ ಮಾಡಿ ಕೂರಿಸಿದರು.

"ತಾಯಿ, ಯುಗಾದಿಗೆ ಬಿಡಾಕ ಇದು ಸಂಬಳದ ಆಳಲ್ಲ" ಎಂದರು. "ಜನ್ಮಠೇಪ ಅಂದ್ರ ಜನ್ಮ ಇರೂತನ."

"ಹದಿನಾಲ್ಕು ವರ್ಷ ಆತಲ್ರಿ ಸಾಹೇಬ್ರ?"

"ಹದಿನಾಲ್ಕು ಆದ ಮ್ಯಾಲ ಬಿಡ್ರಿ ಅಂತ ಕೇಳಬಹುದು. ಕೇಳಾಕ ಹದಿನಾಲ್ಕು. ಬಿಡಾಕ ಅಲ್ಲ. ಬಿಡೂದು ಸರಕಾರದ ಮರ್ಜಿ."

"ಬಿಡಲಿಲ್ಲ ಅಂದ್ರ?"

"ಇರೂದು."

"ಎಲ್ಲೀತನ?"

ಸಾಹೇಬರು ಆಕೆಯ ಮುಖ ನೋಡಲಿಲ್ಲ. ನನ್ನ ಕಡೆ ತಿರುಗಿ, "ನೀವು ಓದಿದವರು, ತಿಳಿಸಿ ಹೇಳ್ರಿ" ಎಂದು ಒಳಗೆ ಹೋದರು. ಏನು ತಿಳಿಸುವುದು? ಗಲ್ಲಿಗೇರುವವನಿಗೂ ಒಂದು ದಿನ ಗೊತ್ತು ಮಾಡಿರುತ್ತಾರೆ. ಇದಕ್ಕೆ ಅದೂ ಇಲ್ಲ. ಕಾಶೀಬಾಯಿ ಅಳಲಿಲ್ಲ. ಗೌಡರ ಕಡೆ ನೋಡಿ, "ನೀವೂ ಹದಿನಾಲ್ಕು ಅಂದಿದ್ರೆಲ್ರಿ" ಎಂದಳು. ಗೌಡರು ರುಮಾಲು ತೆಗೆದು ಮತ್ತೆ ಸುತ್ತಿಕೊಂಡರು.

ಅಂದು ಒಂದು ಮಠದಲ್ಲಿ ಉಳಿದುಕೊಂಡು ಮರುದಿನ ಭೇಟಿಗೆ ಹೋದೆವು. ಉಳಿದವರು ಹೊರಗೇ ನಿಂತರು, ನಾನು ಕಾಶೀಬಾಯಿಯ ಜತೆ ಒಳಗೆ ಹೋದೆ. ಜಾಳಿಗೆಯ ಆಚೆ ಬಂದು ನಿಂತವನನ್ನು ನೋಡಿ ನನಗೆ ಕಸಿವಿಸಿಯಾಯಿತು. ಕೊಲೆಗಾರನ ಮುಖ ಹೇಗಿರುತ್ತದೆ ಎಂದು ನಾನು ಏನೋ ಅಂದುಕೊಂಡಿದ್ದೆ. ಇವನು ತಲೆ ಪೂರ್ತಿ ಬೆಳ್ಳಗಾದ, ಹೆಗಲು ಬಾಗಿದ, ಯಾರದೋ ಮನೆಯ ಹಿರಿಯನಂತಿದ್ದ ಮನುಷ್ಯ. ಕಾಶೀಬಾಯಿ ನೇರವಾಗಿ ಕೇಳಿದಳು.

"ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು."

"ಒಂದಿನ ಬಾಯಿ ಬಿಡಲಿಲ್ಲಲ್ಲ!"

"ಹದಿನಾಲ್ಕು ಅಂತ ನಾ ಎಂದೂ ಹೇಳಿಲ್ಲ, ನೀನs ಅಂತಿದ್ದಿ. ಪ್ರತಿ ಸಲ ಬಂದಾಗ ಇನ್ನ ಇಷ್ಟs ಉಳೀತು ಅಂತ ನಕ್ಕೋತ ಹೇಳ್ತಿದ್ದಿ. ಅಲ್ಲ ಅನ್ನಾಕ ನನಗ ಬಾಯಿ ಬರ್ಲಿಲ್ಲ." ಆಮೇಲೆ, "ಮಹಾದೇವಿ ಹ್ಯಾಂಗದಾಳ?" ಎಂದು ಕೇಳಿದ. ಕಾಶೀಬಾಯಿ ಮುಖ ತಿರುಗಿಸಿದಳು. ನಾನು, "ಅದಾರ್ರಿ" ಎಂದೆ. ಅವನು ತಲೆಯಾಡಿಸಿದ. ತಂದ ಧೋತರವನ್ನು ಒಳಗೆ ಬಿಡುವುದಿಲ್ಲ ಎಂದರು. ಆಕೆ ಗಂಟು ಬಿಚ್ಚಿ, ಜಾಳಿಗೆಯ ಮುಂದೆ ಹಿಡಿದು ಅಂಚನ್ನಾದರೂ ತೋರಿಸಿದಳು.

ಟೆಂಪೊ ಊರಿಗೆ ಬಂದಾಗ ಸಂಜೆಯಾಗಿತ್ತು. ಹಲಗಿಯವರು ಹಲಗಿಯನ್ನು ಕಾಲಡಿ ಇಟ್ಟುಕೊಂಡು ಕುಳಿತಿದ್ದರು. ಮಹಾದೇವಿ ತನ್ನ ಬಾಗಿಲಲ್ಲಿ ನಿಂತಿದ್ದಳು. ಒಬ್ಬೊಬ್ಬರೇ ಇಳಿಯುವುದನ್ನು ನೋಡುತ್ತ, ಕೊನೆಗೆ ಅಕ್ಕ ಇಳಿದ ಮೇಲೂ ಇನ್ನೊಬ್ಬ ಇಳಿಯುತ್ತಾನೆ ಎಂಬಂತೆ ನೋಡಿದಳು. ಅಕ್ಕ ಆ ಕಡೆ ತಿರುಗದೆ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕರೆಸಿ, ಯಾಕೆ ಬರಲಿಲ್ಲ ಎಂದು ಮಹಾದೇವಿ ಕೇಳಿದಳು. ಜನ್ಮ ಇರುವ ತನಕ ಎಂದು ಹೇಳಿದೆ. ಇನ್ನು ಅರ್ಜಿ ಹಾಕಬೇಕು, ವಿಚಾರಣೆಗೆ ಬರುತ್ತಾರೆ, ನಿನ್ನನ್ನೂ ಕೇಳುತ್ತಾರೆ ಎಂದೂ ಹೇಳಿದೆ.

"ನನ್ನ ಕೇಳ್ತಾರ?" ಆಕೆಗೆ ನಂಬಿಕೆ ಬರಲಿಲ್ಲ. "ಇಷ್ಟು ವರ್ಷ ಯಾರೂ ನನ್ನ ಏನೂ ಕೇಳಿಲ್ರಿ. ಕೋರ್ಟಿನಾಗೂ ಅಂವ ಕಡದದ್ದು ನೋಡೀ ಏನ ಅಂತ ಕೇಳಿದ್ರು. ನಿನಗ ಏನ ಬೇಕು ಅಂತ ಕೇಳ್ಲಿಲ್ಲ."

ಅರ್ಜಿ ಹೋಯಿತು. ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆಯ ಬಗ್ಗೆ ಬರೆಯುವುದೇ ಬೇಡ, ಕಾಗೆಯೂ ಬಾಯಿ ತೆರೆದು ಕೂರುತ್ತದೆ. ಕರಿನೆಲ ಬಿರುಕು ಬಿಟ್ಟು, ಅದರಲ್ಲಿ ಕುರಿಮರಿಯ ಕಾಲು ಸಿಕ್ಕುವಷ್ಟು ಬಾಯಿ ತೆರೆದಿತ್ತು. ಹೊಸ ವರ್ಷದ ಪಾಲುಗಳೆಲ್ಲ ಯುಗಾದಿಗೇ ಗೊತ್ತಾಗಿ, ಹಳೆಯ ಪಾಲುದಾರ ಬೇರೆಯವರ ಹೊಲ ಹಿಡಿದಾಗಿತ್ತು. ಕಾಶೀಬಾಯಿಯ ಹೊಲ ಹರಗದೆ ಹಾಗೇ ಬಿತ್ತು. ಆಕೆಗೆ ಅದರ ಧ್ಯಾಸವೇ ಇರಲಿಲ್ಲ. ಆಕೆಯ ಕಿವಿಯೆಲ್ಲ ಗೋಡೆಯ ಆಚೆ. ತಂಗಿ ಏನು ಹೇಳುತ್ತಾಳೆ? ಎಮ್ಮೆಯ ಮುಂದೆಯೂ ಆ ಮಾತು ಎತ್ತಲು ಧೈರ್ಯವಿರಲಿಲ್ಲ. ಎಮ್ಮೆಗೆ ಹೇಳುವ ಮಾತೆಲ್ಲ ಮೆತ್ತಗಾಗಿತ್ತು. ಒಂದು ದಿನ ಹಾಲು ಕಾಸಿ, ಕೆನೆಸಮೇತ ಗೋಡೆಯ ಮೇಲಿಟ್ಟಳು. ಗಿಂಡಿ ಸಂಜೆಯ ತನಕ ಅಲ್ಲೇ ಇತ್ತು, ಆಮೇಲೆ ಬೆಕ್ಕು ಕುಡಿಯಿತು. ಕಾಲು ಹಿಡಿಯಬಾರದೇ ಎಂದು ನಾನು ಕೇಳಿದೆ. "ಯಾವ ಮುಖಾ ಹೊತ್ಕೊಂಡು ಹಿಡೀಲ್ರಿ? ಆಕಿ ಕುಂಕುಮ ಅಳಿಸಿದಾವ ನನ್ನ ಕುಂಕುಮ" ಎಂದಳು.

ಪೊಲೀಸರು ಬಂದದ್ದು ಕಾರಹುಣ್ಣಿಮೆಗೆ ಮುಂಚೆ, ಮೊದಲ ಮಳೆಯ ಮೋಡ ಕಟ್ಟಿದ್ದ ಒಂದು ಮಧ್ಯಾಹ್ನ. ಒಬ್ಬ ಜಮಾದಾರ ಮೋಟಾರ್ ಸೈಕಲ್ಲಿನಲ್ಲಿ ಬಂದು ಮಹಾದೇವಿಯ ಕಟ್ಟೆಯ ಮೇಲೆ ಕುಳಿತ. ಸಿಸ್ಟರ್ ಇದ್ದರೆ ಮಾತ್ರ ಮಾತಾಡುತ್ತೇನೆ ಎಂದು ಆಕೆ ನನ್ನನ್ನು ಕರೆಸಿದ್ದಳು. ಜಮಾದಾರ ಬೆವರು ಒರೆಸುತ್ತ ಕೇಳಿದ, "ಶರಣಪ್ಪನ್ನ ಬಿಟ್ರ ನಿಂದೇನರ ತಕರಾರದ ಏನಮ್ಮಾ?"

ಮಹಾದೇವಿ ಗೋಡೆಯ ಕಡೆ ನೋಡಿದಳು. ಗೋಡೆಯ ಆಚೆ ಕಾಶೀಬಾಯಿ ಇಲ್ಲ, ಆಕೆಯನ್ನು ಬೇಕೆಂದೇ ಗೌಡರ ಮನೆಗೆ ಕಳಿಸಿದ್ದರು. ಎಮ್ಮೆ ಮಾತ್ರ ಮೆಲುಕು ಹಾಕುತ್ತಿತ್ತು.

"ಅವ ಒಳಗ ಇದ್ರ ನನ್ನ ಗಂಡ ಎದ್ದು ಬರ್ತಾನೇನ್ರಿ?" ಎಂದಳು ಕೊನೆಗೆ.

"ಅದನ್ನ ನಾ ಹ್ಯಾಂಗ ಬರಕೊಳ್ಳಲಿ? ಹೌದು ಅನ್ನು, ಇಲ್ಲಾ ಅಲ್ಲ ಅನ್ನು."

"ಅವನ ಮುಖಾ ನಾ ನೋಡಂಗಿಲ್ಲ. ಕ್ಷಮಾನೂ ಮಾಡಂಗಿಲ್ಲ, ಸಾಯೂತನ ಮಾಡಂಗಿಲ್ಲ. ಅದನ್ನೂ ಬರಕೋರಿ." ಉಸಿರೆಳೆದುಕೊಂಡಳು. "ಆದ್ರ ಬರ್ಲಿ. ಟೆಂಪೊದಿಂದ ಅಕ್ಕ ಒಬ್ಬಾಕೀನ ಇಳದದ್ದು ನೋಡೀನ್ರಿ ನಾ. ನಾ ಹ್ಯಾಂಗ ಹೆಣದ ಗಾಡಿಯಿಂದ ಇಳದಿದ್ನೋ ಹಾಂಗ ಇಳದ್ಲು. ಒಂದ ಅಂಗಳದಾಗ ಇಬ್ಬರು ರಂಡೇರು ಬ್ಯಾಡ. ನಂದು ತಕರಾರಿಲ್ಲ."

ಜಮಾದಾರ ಬರೆದುಕೊಂಡ, ಆಕೆ ಹೆಬ್ಬೆಟ್ಟು ಒತ್ತಿದಳು. ನಾನು ಕಣ್ಣಾರೆ ನೋಡಿದ ಮಾತು ಇದು. ಅವನು ಹೋದ ಮೇಲೆ ಮಹಾದೇವಿ ನನ್ನ ಕೈ ಹಿಡಿದು, ಅಕ್ಕನಿಗೆ ಈಗಲೇ ಹೇಳಬೇಡಿ ಎಂದಳು. ನಾಲ್ಕು ಮಂದಿಯ ಮುಂದೆ ದೊಡ್ಡಸ್ತಿಕೆ ತೋರಿಸಿದೆ ಎಂದಾಗಬಾರದು, ಅವನು ಬಂದ ಮೇಲೆ ತಾನಾಗಿ ಗೊತ್ತಾಗಲಿ ಎಂದಳು. ನಾನು ಒಪ್ಪಿಕೊಂಡೆ.

ಮಳೆ ಬಂತು. ಊರೆಲ್ಲ ತೊಗರಿ ಬಿತ್ತಿತು. ಬದುವಿನ ಈಚೆ ಕಾಶೀಬಾಯಿಯ ಹೊಲದಲ್ಲಿ ಹುಲ್ಲು ಎದ್ದಿತು, ಆಚೆ ಮಹಾದೇವಿಯ ಹೊಲದಲ್ಲಿ ಸಾಲು ಸಾಲು ಮೊಳಕೆ. ಶ್ರಾವಣ ಹತ್ತಿರ ಬಂದು ಪಂಚಮಿಗೆ ಮನೆಮನೆಗಳಲ್ಲಿ ಜೋಳದ ಅಳ್ಳು ಹುರಿಯುವ, ಉಂಡಿ ಕಟ್ಟುವ ಗಡಿಬಿಡಿ ಶುರುವಾಗಿದ್ದಾಗ ಜೇಲಿನಿಂದ ಸುದ್ದಿ ಬಂತು. ಈಗ ಬಿಡಲು ಆಗುವುದಿಲ್ಲ. ಅಷ್ಟೇ. ಯಾಕೆ ಎಂದು ಇಲ್ಲ, ಮತ್ತೆ ಯಾವಾಗ ಎಂದೂ ಇಲ್ಲ. ಭೇಟಿಗೆ ಹೋಗಿದ್ದ ಈರಣ್ಣನೇ ಸುದ್ದಿ ತಂದದ್ದು. ಅವನು ಹೇಳಿ ಮುಗಿಸುವ ಮೊದಲೇ ಊರು ಕಾರಣ ಕಂಡುಹಿಡಿದಿತ್ತು. ತಂಗಿಯೇ ಬ್ಯಾಡ ಎಂದಿರಬೇಕು. ಇನ್ಯಾರು ಅಂದಾರು?

ಕಾಶೀಬಾಯಿ ಅಂಗಳಕ್ಕೆ ಬಂದು ನಿಂತು ಎಮ್ಮೆಯ ಕಡೆ ತಿರುಗಿದಳು. ಅವತ್ತು ಆಕೆ ಬೈದ ಬೈಗಳನ್ನು ನಾನು ಬರೆಯಲಾರೆ. ನಿನ್ನ ವಂಶ ನಿರ್ನಾಮವಾಗಲಿ ಎಂದಳು, ನಿನ್ನ ಬಾಯಿಗೆ ಮಣ್ಣು ಬೀಳಲಿ ಎಂದಳು. ಎಮ್ಮೆ ಗಾಬರಿಯಾಗಿ ಗೂಟ ಕಿತ್ತಿತು. ಗೋಡೆಯ ಆಚೆ ಮಹಾದೇವಿಯ ಬೀಸುಕಲ್ಲು ನಿಂತುಹೋಯಿತು, ಆದರೆ ಒಂದು ಮಾತಿಲ್ಲ. ಒಂದು ದಿನ ಕೇಳಿದೆ, ಎರಡನೆಯ ದಿನ ತಡೆಯಲಾಗಲಿಲ್ಲ. ಕೊಟ್ಟ ಮಾತು ಮುರಿದು, ಕಾಶೀಬಾಯಿಯನ್ನು ಒಳಗೆ ಕರೆದು ಎಲ್ಲ ಹೇಳಿಬಿಟ್ಟೆ. ಅವನು ಬರಲಿ ಎಂದು ನಿನ್ನ ತಂಗಿಯೇ ಜಮಾದಾರನ ಮುಂದೆ ಬರೆಸಿದಳು, ನಾನೇ ಅಲ್ಲಿದ್ದೆ ಎಂದೆ. ಆಕೆ ನನ್ನ ಮುಖವನ್ನೇ ನೋಡಿದಳು. ಸುಳ್ಳಲ್ಲವೆಂದು ತಿಳಿಯಿತು. ಬೈಗಳು ಅಲ್ಲಿಗೇ ನಿಂತಿತು. ಒಳ್ಳೆಯದು ಮಾಡಿದೆ ಎಂದುಕೊಂಡೆ.

ಆದರೆ ಅವತ್ತಿನಿಂದ ಆಕೆ ಏಳಲಿಲ್ಲ. ಗೋಡೆಗೆ ಬೆನ್ನು ಹಾಕಿ ಮಲಗಿಬಿಟ್ಟಳು. ಒಲೆ ಹೊತ್ತಲಿಲ್ಲ, ಎಮ್ಮೆ ಒದರುತ್ತಿದ್ದರೂ ಹಿಂಡಲಿಲ್ಲ. ನಾನು ಗಂಜಿ ಕಾಸಿ ಕೊಟ್ಟರೆ ಬಟ್ಟಲು ತಣ್ಣಗಾಗಿ ಹಾಗೇ ಕೂತಿರುತ್ತಿತ್ತು. ನಾಡಿ ನೋಡಿದರೆ ಸಣ್ಣಗಾಗುತ್ತಿತ್ತು. ರೋಗವಾದರೆ ಗುಳಿಗೆ ಕೊಡಬಹುದು, ಇದಕ್ಕೆ ನನ್ನ ಕಪಾಟಿನಲ್ಲಿ ಏನೂ ಇರಲಿಲ್ಲ. ನನಗೆ ಹೆದರಿಕೆಯಾಯಿತು. ಪಂಚಮಿಯ ಹಿಂದಿನ ದಿನ ಆಕೆಯ ತಲೆಯ ಬಳಿ ಕುಳಿತು ಬೈದೆ. ತಂಗಿ ಒಪ್ಪಿದಳಲ್ಲ, ಅಷ್ಟಾದರೂ ಸಮಾಧಾನ ಪಡಬಾರದೇ ಎಂದೆ.

"ಅದs ಅಲ್ರಿ" ಎಂದಳು ಕಾಶೀಬಾಯಿ, ಕಣ್ಣು ತೆರೆಯದೆ. "ಆಕಿ ಬ್ಯಾಡ ಅಂದಿದ್ರ ಚಲೋ ಇತ್ರಿ. ಬೈಕೋತ ಇರ್ತಿದ್ದೆ. ಒಂದಿನ ಇಲ್ಲಾ ಒಂದಿನ ಆಕಿ ಮನಸ್ಸು ಕರಗ್ತದ ಅಂತ ಕಾಯ್ತಿದ್ದೆ. ಒಂದs ಹೊಟ್ಯಾಗ ಹುಟ್ಟಿದಾಕಿ, ಕರಗದs ಎಲ್ಲಿಗೆ ಹೋಗ್ತಾಳ? ಆಕೀನೂ ಹೂಂ ಅಂದ ಮ್ಯಾಲ ಬಿಡ್ಲಿಲ್ಲ ಅಂದ್ರ, ನಾ ಇನ್ನ ಯಾರ ಮನಸ್ಸಿಗೆ ಕಾಯ್ಲಿ? ಸರಕಾರಕ್ಕ ಮನಸ್ಸೆಲ್ಲಿ ಇರ್ತದ್ರಿ ಸಿಸ್ಟರ, ನೀವs ಹೇಳ್ರಿ. ಅದು ಯಾವ ಊರಾಗ ಇರ್ತದ, ಹೋಗಿ ಕಾಲರ ಹಿಡೀತೇನಿ."

ನನಗೆ ಆ ಊರು ಗೊತ್ತಿರಲಿಲ್ಲ. ಎದ್ದು ಹೊರಗೆ ಬಂದೆ. ಕಾಲು ತಾನಾಗಿ ಗೋಡೆಯ ಆಚೆಗೆ ಹೋಯಿತು. ಮಹಾದೇವಿ ಪಂಚಮಿಯ ತಂಬಿಟ್ಟು ಕಟ್ಟುತ್ತಿದ್ದಳು. ಅಕ್ಕ ಹೇಳಿದ್ದನ್ನೆಲ್ಲ ಇದ್ದದ್ದಿದ್ದಂತೆ ಹೇಳಿದೆ, ಹೇಳುತ್ತ ನನಗೇ ಅಳು ಬಂತು. ಆಕೆ ಕೇಳುತ್ತಿದ್ದಳು, ಉಂಡಿ ಕಟ್ಟುತ್ತಲೇ ಇದ್ದಳು. ಕೈಯಲ್ಲಿದ್ದ ಉಂಡಿ ಕಟ್ಟಿ ಮುಗಿಸಿ, ಬುಟ್ಟಿಯಲ್ಲಿಟ್ಟು, ಕೈ ತೊಳೆದುಕೊಂಡಳು. ಆಮೇಲೆ ಒರಳಕಲ್ಲನ್ನು ಉರುಳಿಸಿಕೊಂಡು ಹೋಗಿ ಗೋಡೆಗೆ ಹಚ್ಚಿದಳು. ಅದರ ಮೇಲೆ ಹತ್ತಿದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆಕೆಯ ತಲೆ ಗೋಡೆಯ ಮೇಲೆ ಕಾಣಿಸಿತು.

"ಅಕ್ಕಾ" ಎಂದು ಕರೆದಳು.

ಒಳಗೆ ಸದ್ದಿಲ್ಲ. ಮತ್ತೆ ಕರೆದಳು. ಕಾಶೀಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಹೊರಗೆ ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರ ತಲೆಯೂ ನೆರೆತಿತ್ತು, ಅದು ಅವರಿಗೆ ಆ ಗಳಿಗೆಯಲ್ಲೇ ಗೊತ್ತಾದ ಹಾಗಿತ್ತು.

"ಸಿಸ್ಟರ ನಿನಗ ಸುಳ್ಳ ಹೇಳ್ಯಾರ" ಎಂದಳು ಮಹಾದೇವಿ, ಗಟ್ಟಿಯಾಗಿ, ಓಣಿಗೆಲ್ಲ ಕೇಳುವ ಹಾಗೆ. "ನಿನ್ನ ಸಂಕಟಾ ನೋಡ್ಲಾರದ ಹೇಳ್ಯಾರ. ಬಿಡಬ್ಯಾಡ್ರಿ ಅಂತ ನಾನs ಬರಸೀನಿ. ಯಾಕ ಬಿಡ್ಲಿ? ಈ ವರ್ಷ ನನ್ನ ಮನಸ್ಸು ಒಪ್ಪಲಿಲ್ಲ. ಬರೂ ವರ್ಷ ಮತ್ತ ಕೇಳಾಕ ಬರ್ತಾರಂತ. ಆವಾಗ ನೋಡೂಣು."

ಕಾಶೀಬಾಯಿ ನನ್ನ ಕಡೆ ನೋಡಿದಳು. ನಾನು ಏನೂ ಹೇಳಲಿಲ್ಲ. ಆಕೆ ನಂಬಿದಳೋ, ನಂಬಬೇಕೆಂದು ನಂಬಿದಳೋ, ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಂಗಳದ ನಡುವೆ ಬಂದು ನಿಂತು, "ಏ ಹಾಟ್ಯಾಳೇ" ಎಂದು ಶುರು ಮಾಡಿದಳು. ಮಹಾದೇವಿ ಒರಳಕಲ್ಲಿನಿಂದ ಇಳಿಯಲಿಲ್ಲ. ಗೋಡೆಯ ಮೇಲೆ ಎರಡೂ ಕೈ ಊರಿಕೊಂಡು, ಮುಖ ತಿರುಗಿಸದೆ, ಅಕ್ಕ ಬೈದದ್ದನ್ನೆಲ್ಲ ಕೇಳುತ್ತ ನಿಂತಳು. ಬೈದು ಬೈದು ದನಿ ಕಟ್ಟಿದ ಮೇಲೆ ಕಾಶೀಬಾಯಿ ಒಳಗೆ ಹೋಗಿ ಒಲೆ ಹೊತ್ತಿಸಿದಳು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿಸಿತು.